ಹತ್ತು ದಿನದೊಳಗೆ ಕೈಸೇರಬೇಕಾದ ಕಾಗದ: ಪೊಲೀಸರಿಗೆ, ವೈದ್ಯರಿಗೆ, ಹೆದ್ದಾರಿ ಬದಿಯ ನಮ್ಮ ಜನರಿಗೆ ಒಂದು ಬಹಿರಂಗ ಪತ್ರ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಪೊಲೀಸ್ ಅಧಿಕಾರಿಗಳಿಗೆ, ಆಸ್ಪತ್ರೆಗಳ ತುರ್ತು ವಿಭಾಗದ ವೈದ್ಯರಿಗೆ ಮತ್ತು ಈ ಮೂರೂ ಜಿಲ್ಲೆಗಳ ನನ್ನ ಜನರಿಗೆ,

ಮಾನ್ಯರೇ,

ರಸ್ತೆ ಅಪಘಾತವಾದ ಹತ್ತು ದಿನಗಳೊಳಗೆ ಗಾಯಾಳುವಿಗೆ, ಅವರು ಬದುಕಿಲ್ಲದಿದ್ದರೆ ಮನೆಯವರಿಗೆ, ತನಿಖಾಧಿಕಾರಿ ಒಂದು ಕಾಗದವನ್ನು ಕೊಡಬೇಕು. ಅದಕ್ಕೆ ನಮೂನೆ 2 ಎನ್ನುತ್ತಾರೆ. ಅಪಘಾತಕ್ಕೆ ಸಿಕ್ಕವರಿಗೆ ಏನೇನು ಹಕ್ಕುಗಳಿವೆ, ಪರಿಹಾರದ ಅರ್ಜಿ ಯಾವ ಯಾವ ಹಂತ ದಾಟಿ ಹೋಗುತ್ತದೆ ಎಂಬುದೆಲ್ಲ ಅದರಲ್ಲಿರುತ್ತದೆ. ಜೊತೆಗೆ ಮೊದಲ ಅಪಘಾತ ವರದಿಯ ಪ್ರತಿಯೂ ಇರಬೇಕು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮಗಳು ಇದನ್ನು ತನಿಖಾಧಿಕಾರಿಯ ಕರ್ತವ್ಯವೆಂದೇ ಹೇಳುತ್ತವೆ. ಅದೇ ವರ್ಷದ ಡಿಸೆಂಬರಿನಲ್ಲಿ ಗೋಹರ್ ಮೊಹಮ್ಮದ್ ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟು, ಈ ನಿಯಮಗಳು ಪಾಲನೆಯಾಗಬೇಕು, ಅಪಘಾತ ಪರಿಹಾರದ ಪ್ರಕರಣಗಳಿಗೆಂದೇ ಠಾಣೆಗಳಲ್ಲಿ ಅಥವಾ ಪಟ್ಟಣದ ಮಟ್ಟದಲ್ಲಿ ವಿಶೇಷ ಘಟಕ ಇರಬೇಕು ಎಂದು ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು.

ನಾನು ಶಿಗ್ಗಾವಿ ತಾಲ್ಲೂಕಿನವಳು, ಅರೆಕಾನೂನು ಸ್ವಯಂಸೇವಕಿ. ಅಪಘಾತವಾದ ಮನೆಗಳಿಗೆ ಹೋಗಿ ಕಾಗದಪತ್ರ ಜೋಡಿಸಿಕೊಡುವುದು, ಅರ್ಜಿ ಬರೆಸುವುದು ನನ್ನ ಕೆಲಸದ ದೊಡ್ಡ ಪಾಲು. ಆ ಮನೆಯವರು ಬಟ್ಟೆ ಅಂಗಡಿಯ ಚೀಲದಿಂದ ತೆಗೆದು ಚಾಪೆಯ ಮೇಲೆ ಹರವುವ ಕಾಗದಗಳಲ್ಲಿ ಔಷಧಿ ಅಂಗಡಿಯ ಚೀಟಿಗಳಿರುತ್ತವೆ, ಸ್ಕ್ಯಾನಿಂಗ್ ಫಿಲ್ಮ್ ಇರುತ್ತದೆ, ಬಡ್ಡಿ ಸಾಲದ ಲೆಕ್ಕ ಬರೆದ ಹಾಳೆಯೂ ಇರುತ್ತದೆ. ನಮೂನೆ 2 ಕಂಡದ್ದು ತೀರ ಅಪರೂಪ. ಯಾವುದೋ ಒಂದು ಠಾಣೆಯ ಕಡೆ ಬೊಟ್ಟು ಮಾಡಲು ನಾನು ಇದನ್ನು ಬರೆಯುತ್ತಿಲ್ಲ. ಒಬ್ಬ ಪಿಎಸ್‌ಐ ಮೇಲೆ ಎಷ್ಟು ಕೆಲಸ ಬೀಳುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಆದರೂ ಹೇಳಲೇಬೇಕು. ಆ ಕಾಗದ ಸಿಗದ ಮನೆಯಲ್ಲಿ ಅಪಘಾತ ಎರಡು ಬಾರಿ ನಡೆಯುತ್ತದೆ, ಒಮ್ಮೆ ರಸ್ತೆಯಲ್ಲಿ, ಇನ್ನೊಮ್ಮೆ ತಿಳಿವಳಿಕೆ ಇಲ್ಲದ್ದರಿಂದ. ರಸ್ತೆಯಲ್ಲಿ ನಡೆದದ್ದನ್ನು ತಡೆಯುವುದು ನಮ್ಮ ಕೈಯಲ್ಲಿ ಇರಲಿಲ್ಲ ಎನ್ನಬಹುದು. ಆಮೇಲಿನದನ್ನು ತಡೆಯುವುದು ಪೂರ್ತಿ ನಮ್ಮ ಕೈಯಲ್ಲೇ ಇದೆ.

ನಾವು ಎಂಥ ರಸ್ತೆಗಳ ಬದಿಯಲ್ಲಿ ಬದುಕುತ್ತಿದ್ದೇವೆ ಎಂಬುದನ್ನು ಹೆಚ್ಚು ವಿವರಿಸಬೇಕಿಲ್ಲ. 2021ರ ಜನವರಿ 15ರ ಬೆಳಗ್ಗೆ ಧಾರವಾಡದ ಇಟಿಗಟ್ಟಿ ಬಳಿ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರಿದ್ದ ವಾಹನಕ್ಕೂ ಟಿಪ್ಪರಿಗೂ ಡಿಕ್ಕಿಯಾದ ಮೇಲೆಯೇ ಹುಬ್ಬಳ್ಳಿ-ಧಾರವಾಡ ಬೈಪಾಸಿನ ಇಕ್ಕಟ್ಟು ಊರಾಚೆಯವರಿಗೂ ತಿಳಿದದ್ದು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆಗೆ ಮರಳುತ್ತಿದ್ದವರ ಟಿಟಿ ವಾಹನ ನಿಂತಿದ್ದ ಲಾರಿಗೆ ಗುದ್ದಿ 13 ಜನ ತೀರಿಕೊಂಡರು. ಇವು ಪತ್ರಿಕೆಯ ಮುಖಪುಟಕ್ಕೆ ಬಂದವು. ತಡಸ ಕ್ರಾಸಿನಲ್ಲಿ, ಅಣ್ಣಿಗೇರಿಯ ಆಚೆಗೆ, ಕಲಘಟಗಿ ರಸ್ತೆಯಲ್ಲಿ ಒಬ್ಬೊಬ್ಬರಾಗಿ ಬೀಳುವವರ ಸುದ್ದಿ ಒಳಪುಟದ ನಾಲ್ಕು ಸಾಲು ಮಾತ್ರ. ನನ್ನ ಈ ಪತ್ರ ಆ ನಾಲ್ಕು ಸಾಲಿನವರಿಗಾಗಿ. ಮಂತ್ರಿಗಳು ಅವರ ಮನೆಗೆ ಬರುವುದಿಲ್ಲ, ಯಾವ ವಿಶೇಷ ಪರಿಹಾರವೂ ಘೋಷಣೆಯಾಗುವುದಿಲ್ಲ. ಅವರಿಗೆ ಇರುವುದು ಕಾನೂನು ಒಂದೇ.

ಮೊದಲು ರಸ್ತೆಯ ಮೇಲಿನ ಮಾತು. ಅಪಘಾತ ಕಂಡರೆ 112ಕ್ಕೆ ಅಥವಾ 108ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಾಗಿದ್ದರೆ 1033 ಕೂಡ ಇದೆ. ಕಿಲೋಮೀಟರ್ ಕಲ್ಲಿನ ಮೇಲಿನ ಸಂಖ್ಯೆಯನ್ನೂ ಯಾವ ಊರಿನಿಂದ ಯಾವ ಊರಿನ ಕಡೆಗೆ ಹೋಗುವ ಬದಿ ಎಂಬುದನ್ನೂ ಹೇಳಿ. ನಡುವೆ ಡಿವೈಡರ್ ಇರುವ ರಸ್ತೆಯಲ್ಲಿ ಆಂಬುಲೆನ್ಸ್ ತಪ್ಪು ಬದಿಗೆ ಬಂದು ನಿಂತರೆ ತಿರುಗಿ ಬರುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಬಂಕಾಪುರದವರಿಗೂ ಮೋಟೆಬೆನ್ನೂರಿನವರಿಗೂ ಗೊತ್ತು. ಹಿಂದಿನಿಂದ ಬರುವ ವಾಹನಗಳಿಗೆ ಕಾಣುವಂತೆ ದೂರದಲ್ಲೇ ಒಬ್ಬರು ಬ್ಯಾಟರಿ ಬೆಳಕು ಬೀಸುತ್ತ ರಸ್ತೆಯ ಅಂಚಿನಲ್ಲಿ ನಿಲ್ಲಬೇಕು. ನೋಡಲು ಬಂದವರು ರಸ್ತೆಯ ಮಧ್ಯದಲ್ಲೇ ಗುಂಪುಗೂಡಿದರೆ ಇನ್ನೊಂದು ಲಾರಿ ಬಂದು ಅವರ ಮೇಲೆ ಹರಿಯುವ ಅಪಾಯ ಇದ್ದೇ ಇರುತ್ತದೆ.

ನಮ್ಮ ಕಡೆ ಗಾಯಾಳುವಿಗೆ ಮೊದಲು ನೀರು ಕುಡಿಸುತ್ತಾರೆ. ಕರುಳು ಚುರ್ ಎಂದು ಕೊಡುವ ನೀರು ಅದು, ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ದಯವಿಟ್ಟು ಕುಡಿಸಬೇಡಿ. ಎಚ್ಚರ ತಪ್ಪಿದವರಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ತುರ್ತು ಶಸ್ತ್ರಚಿಕಿತ್ಸೆ ಬೇಕಾದವರಿಗೆ ಅರಿವಳಿಕೆ ಕೊಡುವಾಗ ತೊಂದರೆಯಾಗುತ್ತದೆ. ರಕ್ತ ಸುರಿಯುತ್ತಿದ್ದರೆ ಸ್ವಚ್ಛವಾದ ಟವೆಲ್ ಅಥವಾ ಪಂಚೆಯನ್ನು ಮಡಚಿ ಗಾಯದ ಮೇಲಿಟ್ಟು ಬಲವಾಗಿ ಒತ್ತಿ ಹಿಡಿಯಿರಿ, ಮತ್ತೆ ಮತ್ತೆ ತೆಗೆದು ನೋಡಬೇಡಿ. ಬೆಂಕಿಯೋ ಮತ್ತೊಂದು ಡಿಕ್ಕಿಯ ಭಯವೋ ಇಲ್ಲದಿದ್ದರೆ ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ಕೂರಿಸುವ ಅವಸರ ಬೇಡ. ಕುತ್ತಿಗೆಗೋ ಬೆನ್ನುಹುರಿಗೋ ಪೆಟ್ಟಾಗಿದ್ದರೆ ಎತ್ತುವ ರೀತಿಯೇ ಅವರನ್ನು ಜೀವನಪೂರ್ತಿ ಹಾಸಿಗೆಗೆ ಹಾಕಬಹುದು. ಎತ್ತಲೇಬೇಕಾದರೆ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ನಾಲ್ಕೈದು ಜನ ಸೇರಿ ಎತ್ತಿ.

ಸಹಾಯ ಮಾಡಿದವರನ್ನೇ ಪೊಲೀಸರು ಹಿಡಿಯುತ್ತಾರೆ ಎಂಬ ಹೆದರಿಕೆ ಇನ್ನೂ ಹೋಗಿಲ್ಲ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ಇಂಥವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ಅದೇ ವರ್ಷ ನಮ್ಮ ಕರ್ನಾಟಕವೇ ದೇಶದಲ್ಲಿ ಮೊದಲಿಗೆ ಇದಕ್ಕೊಂದು ಮಸೂದೆ ಅಂಗೀಕರಿಸಿತು. ಈಗ ಮೋಟಾರು ವಾಹನ ಕಾಯ್ದೆಯಲ್ಲಿಯೇ 134ಎ ಕಲಂ ಇದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಬೇಕಾಗಿಲ್ಲ, ಸಾಕ್ಷಿಯಾಗಬೇಕಾಗಿಲ್ಲ, ಹಣ ಕಟ್ಟಬೇಕಾಗಿಲ್ಲ, ಅಲ್ಲಿಯೇ ಕಾಯುತ್ತ ಕೂರಬೇಕಾಗಿಲ್ಲ. ಗಂಭೀರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಿ ಜೀವ ಉಳಿಸಿದವರಿಗೆ ಕೇಂದ್ರ ಸರ್ಕಾರ 25,000 ರೂಪಾಯಿ ಗೌರವಧನವನ್ನೂ ಇಟ್ಟಿದೆ. ನಮ್ಮ ಹುಡುಗರು ಹಣಕ್ಕಾಗಿ ಓಡಿ ಬರುವವರಲ್ಲ ಎಂದು ಗೊತ್ತು. ಕಾನೂನು ಈಗ ಅವರ ಬೆನ್ನಿಗಿದೆ ಎಂಬುದು ತಿಳಿದಿರಲಿ ಎಂದು ಹೇಳಿದೆ.

ಚಾಲಕನ ಮೇಲೆ ಕೈ ಮಾಡಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, 24 ಗಂಟೆಯೊಳಗೆ ಠಾಣೆಗೆ ತಿಳಿಸುವುದು 134ನೇ ಕಲಮಿನ ಪ್ರಕಾರ ಚಾಲಕನ ಹೊಣೆ. ಜನರ ರೋಷದಿಂದ ನಿಲ್ಲಲಾಗದ ಸ್ಥಿತಿಯಿದ್ದರೆ ಚಿಕಿತ್ಸೆ ಕೊಡಿಸುವ ಹೊಣೆಗೆ ಆ ಕಲಮೇ ವಿನಾಯಿತಿ ಕೊಡುತ್ತದೆ. ನಾವು ಹೊಡೆಯಲು ಹೋದರೆ ಅವನಿಗೆ ಓಡಿಹೋಗಲು ಕಾರಣ ಒದಗಿಸಿದಂತಾಗುತ್ತದೆ, ನಷ್ಟ ಗಾಯಾಳುವಿಗೆ. ಬದಲಿಗೆ ಮೊಬೈಲ್ ತೆಗೆದು ವಾಹನದ ನಂಬರ್ ಪ್ಲೇಟು, ವಾಹನಗಳು ನಿಂತ ಜಾಗ, ಟೈರಿನ ಗುರುತು, ಒಡೆದ ಗಾಜು, ಇವುಗಳ ಫೋಟೊ ತೆಗೆದಿಡಿ. ರಕ್ತದ ಮಡುವಿನಲ್ಲಿರುವವರ ಮುಖದ ವಿಡಿಯೊ ಯಾರಿಗೂ ಬೇಡ. ನಂಬರ್ ಇದ್ದರೆ ಎಂ-ಪರಿವಾಹನ್ ಆ್ಯಪಿನಲ್ಲಿ ವಿಮೆ ಇದೆಯೋ ಇಲ್ಲವೋ ನೋಡಬಹುದು.

ಇನ್ನು ವೈದ್ಯರಿಗೂ ಗಾಯಾಳುವಿನ ಜೊತೆ ಬಂದವರಿಗೂ ಹೇಳಬೇಕಾದದ್ದು. ಈ ಪತ್ರದಲ್ಲಿ ನನಗೆ ಅತಿ ಮುಖ್ಯವೆನಿಸುವ ಮಾತು ಇದೇ.

ನಮ್ಮ ಪಕ್ಕದ ಊರಿನ ಒಬ್ಬ ಗೌಂಡಿಯ ಬೈಕಿಗೆ ಸಂಜೆ ಹೊತ್ತಿನಲ್ಲಿ ಗೂಡ್ಸ್ ವಾಹನವೊಂದು ಹಿಂದಿನಿಂದ ಗುದ್ದಿತು. ತೊಡೆಯ ಮೂಳೆ ಎರಡು ಕಡೆ ಮುರಿಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದ ತಮ್ಮನಿಗೆ ದಾರಿಯಲ್ಲಿ ಯಾರೋ ತಿಳಿದವರು, "ಆ್ಯಕ್ಸಿಡೆಂಟ್ ಎಂದರೆ ಪೊಲೀಸ್ ಕೇಸ್ ಆಗುತ್ತದೆ, ಬೈಕಿನ ಇನ್ಶೂರೆನ್ಸ್ ಬೇರೆ ಮುಗಿದಿದೆ, ಜಾರಿ ಬಿದ್ದ ಎಂದು ಹೇಳಿಬಿಡಪ್ಪಾ" ಎಂದರು. ಕ್ಯಾಜುಯಲ್ಟಿಯಲ್ಲಿ ಇದ್ದ ಕಿರಿಯ ವೈದ್ಯರು ಕೇಳಿದರು, ತಮ್ಮ ಹಾಗೆಯೇ ಹೇಳಿದ. ಕೇಸ್ ಪೇಪರಿನ ಮೇಲೆ, ಹೆಸರು ವಯಸ್ಸಿನ ಕೆಳಗೆ, ಒಂದು ಸಾಲು: ಚಲಿಸುತ್ತಿದ್ದ ಬೈಕಿನಿಂದ ಸ್ವತಃ ಬಿದ್ದು ಆದ ಗಾಯ. ಅದರ ಬದಿಗೆ ರಾತ್ರಿ ಎಂಟರ ಹೊತ್ತಿನ ಸಮಯ, ಒಂದು ಸಹಿ. ಆಮೇಲೆ ವಾಹನದ ನಂಬರ್ ಸಿಕ್ಕಿತು, ನೋಡಿದವರು ಸಿಕ್ಕರು, ದೂರು ದಾಖಲಾಯಿತು. ಆದರೆ ವಿಮಾ ಕಂಪನಿಯ ವಕೀಲರು ಅಪಘಾತ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿಯ ಮುಂದೆ ಎತ್ತಿ ಹಿಡಿದದ್ದು ಆ ಒಂದು ಸಾಲನ್ನೇ. ಅಪಘಾತವೇ ಆಗಿಲ್ಲ, ಪರಿಹಾರಕ್ಕಾಗಿ ವಾಹನವನ್ನು ಆಮೇಲೆ ತಂದು ಕೂಡಿಸಿದ್ದಾರೆ ಎಂಬುದು ಅವರ ವಾದ. ಪಾಟೀಸವಾಲಿನಲ್ಲಿ ಆ ತಮ್ಮ ನಿಂತು ಬೆವರಿದ್ದನ್ನು ನಾನು ಕಂಡಿದ್ದೇನೆ. ಸುಳ್ಳು ಹೇಳಿದ್ದು ಅಣ್ಣನ ಮೇಲಿನ ಕಾಳಜಿಯಿಂದ, ಕುತ್ತು ಬಂದದ್ದು ಅಣ್ಣನಿಗೇ.

ಜನರೇ, ಎಂಎಲ್‌ಸಿ (ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿ ದಾಖಲಿಸುವ ವೈದ್ಯಕೀಯ-ಕಾನೂನು ಪ್ರಕರಣ) ಎಂದರೆ ಬೆಚ್ಚಬೇಡಿ. ಅದು ನಿಮ್ಮ ಮೇಲಿನ ಕೇಸಲ್ಲ, ಗಾಯ ಹೇಗಾಯಿತು ಎಂಬುದಕ್ಕೆ ನಿಮಗಿರುವ ಮೊದಲ ಸಾಕ್ಷಿ. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ವಾಹನ ಗುದ್ದಿತು ಎಂಬುದನ್ನು ಇದ್ದಂತೆ ಹೇಳಿ. ನಂಬರ್ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಊಹಿಸಿ ಹೇಳಬೇಡಿ. ನಿಮ್ಮ ಬೈಕಿನ ವಿಮೆ ಮುಗಿದಿದ್ದರೂ, ಗುದ್ದಿದ ವಾಹನದವರ ತಪ್ಪಿದ್ದರೆ ಅವರ ವಿಮೆಯಿಂದ ಪರಿಹಾರ ಕೇಳುವ ಹಕ್ಕು ನಿಮಗೆ ತಪ್ಪುವುದಿಲ್ಲ. ವೈದ್ಯರೇ, ಆ ರಾತ್ರಿ ನಿಮ್ಮ ಮುಂದೆ ಸಾಲಾಗಿ ಸ್ಟ್ರೆಚರುಗಳಿರುತ್ತವೆ ಎಂದು ಬಲ್ಲೆ. ಆದರೂ ಮಂಪರಿನಲ್ಲಿರುವವನ ಬಗ್ಗೆ ಜೊತೆಯಲ್ಲಿ ಬಂದವನು ಹೇಳಿದ್ದನ್ನು ಬರೆಯುವಾಗ, ಇದನ್ನು ಹೇಳಿದವರು ಯಾರು ಎಂಬುದನ್ನೂ ಬರೆಯಿರಿ. ಮೂಳೆ ಎರಡು ಕಡೆ ಮುರಿದವನು ಬರೀ ಜಾರಿ ಬಿದ್ದನೇ ಎಂದು ಇನ್ನೊಮ್ಮೆ ಕೇಳಿ. ಪೊಲೀಸರು ಬರಲಿ, ಹಣ ಕಟ್ಟಲಿ ಎಂದು ತುರ್ತು ಚಿಕಿತ್ಸೆಯನ್ನು ನಿಲ್ಲಿಸುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟು ಪರಮಾನಂದ ಕಟಾರ ಪ್ರಕರಣದಲ್ಲಿ 1989ರಷ್ಟು ಹಿಂದೆಯೇ ಸ್ಪಷ್ಟಪಡಿಸಿದೆ. ಈಗ ಅದಕ್ಕೆ ಹಣದ ಬೆಂಬಲವೂ ಇದೆ. 2025ರ ಮೇ 5ರಂದು ಜಾರಿಗೆ ಬಂದ ಯೋಜನೆಯ ಪ್ರಕಾರ, ಮೋಟಾರು ವಾಹನದಿಂದ ಯಾವುದೇ ರಸ್ತೆಯಲ್ಲಿ ಅಪಘಾತವಾಗಿರಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ ಒಬ್ಬರಿಗೆ ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಸಿಗಬೇಕು. ಪೊಲೀಸರಿಗೆ ಮಾಹಿತಿ ಹೋಗದಿದ್ದರೆ ಈ ಸೌಲಭ್ಯವೂ ಕೈತಪ್ಪುತ್ತದೆ. ಕಿವಿಯೋಲೆ ಅಡವಿಡಲು ಹೊರಟ ತಾಯಿಗೆ ಕೌಂಟರಿನಲ್ಲಿ ಕುಳಿತವರು ಈ ಒಂದು ಮಾತು ಹೇಳಿದರೆ ದೊಡ್ಡ ಉಪಕಾರ.

ಸಾವಾದಾಗ ಮರಣೋತ್ತರ ಪರೀಕ್ಷೆ ಬೇಡವೆಂದು ಹಿರಿಯರು ಹಟ ಹಿಡಿಯುತ್ತಾರೆ. ದೇಹವನ್ನು ಕೊಯ್ಯುವುದನ್ನು ನೆನೆಸಿಕೊಂಡರೆ ಯಾರಿಗೂ ಸಂಕಟವೇ. ಆದರೆ ಆ ವರದಿ ಇಲ್ಲದೆ ಸಾವು ಅಪಘಾತದಿಂದಲೇ ಆಯಿತು ಎಂದು ಸಾಬೀತುಪಡಿಸುವುದು ಬಹಳ ಕಷ್ಟ. ಇನ್ನೂ ಮೋಸವಾಗುವುದು ಆಸ್ಪತ್ರೆಯಿಂದ ಮನೆಗೆ ಬಂದು ಎರಡು ಮೂರು ತಿಂಗಳ ಮೇಲೆ ತೀರಿಕೊಂಡವರ ವಿಷಯದಲ್ಲಿ. ತಲೆಗೆ ಬಿದ್ದ ಪೆಟ್ಟಿನಿಂದಲೇ ಜೀವ ಹೋಗಿರುತ್ತದೆ, ಮನೆಯವರು ಸುಮ್ಮನೆ ಮಣ್ಣು ಮಾಡಿ ಬರುತ್ತಾರೆ. ಅಂಥ ಸಾವನ್ನೂ ಅಂತ್ಯಕ್ರಿಯೆಗೆ ಮೊದಲು, ಅಪಘಾತದ ದೂರು ದಾಖಲಾದ ಠಾಣೆಗೆ ತಿಳಿಸಬೇಕು.

ಠಾಣೆಯಲ್ಲಿ ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು. ಕೈ ಮುಗಿದು ಕೇಳಬೇಕಾದ ವಸ್ತುವಲ್ಲ ಅದು. ಅಪಘಾತ ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ದೂರು ತೆಗೆದುಕೊಂಡು ಆ ಠಾಣೆಗೆ ಕಳಿಸಬೇಕು. ಗಾಯಾಳುವನ್ನು ಉಳಿಸಿಕೊಳ್ಳಲು ಹುಬ್ಬಳ್ಳಿಗೆ ಓಡಿದ್ದರಿಂದ ದೂರು ತಡವಾಯಿತು ಎಂಬ ಒಂದೇ ಕಾರಣಕ್ಕೆ ಪ್ರಕರಣವನ್ನು ಅನುಮಾನಿಸಬಾರದು ಎಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಹೇಳಿದೆ. ಹಾಗೆಂದು ನೀವಾಗಿಯೇ ತಡ ಮಾಡಬೇಡಿ. ಪಂಚನಾಮೆ ಮಾಡುವಾಗ ಮನೆಯವರಲ್ಲಿ ಒಬ್ಬರು ಸ್ಥಳದಲ್ಲಿರಿ, ನಕ್ಷೆಯಲ್ಲಿ ರಸ್ತೆಯ ಬದಿ ಸರಿಯಾಗಿ ಬಂದಿದೆಯೇ ನೋಡಿ. ತನಿಖಾಧಿಕಾರಿಗೂ ಕಾಲಮಿತಿ ಇದೆ. 48 ಗಂಟೆಯೊಳಗೆ ಮೊದಲ ಅಪಘಾತ ವರದಿ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಹೋಗಬೇಕು, 90 ದಿನಗಳೊಳಗೆ ವಿವರವಾದ ವರದಿ ಸಲ್ಲಿಕೆಯಾಗಬೇಕು.

ಈಗ ರಾಜಿಯ ವಿಷಯ. ನಮ್ಮ ಊರುಗಳಲ್ಲಿ ಹಿರಿಯರು ನಡುವೆ ಕುಳಿತು ಬಗೆಹರಿಸುವ ರೂಢಿಯನ್ನು ನಾನು ಗೌರವಿಸುತ್ತೇನೆ. ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು ಹಾಗೆ ತೀರಬೇಕು. ಅಪಘಾತ ಹಾಗೆ ತೀರಬಾರದು. ಗಾಡಿಯ ಮಾಲೀಕ ಪರಿಚಯದವನು, ಅವನ ಕಡೆಯವರು ಆಸ್ಪತ್ರೆಗೆ ಬಂದು ಮೂವತ್ತೋ ಐವತ್ತೋ ಸಾವಿರ ಕೈಗಿಟ್ಟು, ನನ್ನದೇನೂ ತಕರಾರಿಲ್ಲ ಎಂದು ಬರೆಸಿಕೊಂಡು ಹೋಗುತ್ತಾರೆ. ನಾವು ಪಾಪ ಅವನನ್ನು ಹಾಳು ಮಾಡುವುದೇಕೆ ಎಂದುಕೊಳ್ಳುತ್ತೇವೆ. ಗಾಡಿಗೆ ವಿಮೆಯಿದ್ದರೆ ಪರಿಹಾರ ಕಟ್ಟುವುದು ಕಂಪನಿ, ಅವನಲ್ಲ. ಅವನು ಪ್ರತಿ ವರ್ಷ ಕಂತು ಕಟ್ಟಿರುವುದೇ ಇದಕ್ಕಾಗಿ. ಸಾವಾಗಿದ್ದರೆ ಕ್ರಿಮಿನಲ್ ಪ್ರಕರಣದಲ್ಲಿ ರಾಜಿಗೆ ಕಾನೂನಿನಲ್ಲಿ ಅವಕಾಶವೇ ಇಲ್ಲ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ, ಇದನ್ನು ಯಾರೂ ನಮ್ಮವರಿಗೆ ಬಿಡಿಸಿ ಹೇಳುವುದಿಲ್ಲ. 35 ವರ್ಷದ ಗೌಂಡಿಯೊಬ್ಬ ಬೇರೆಯವರ ತಪ್ಪಿನಿಂದ ತೀರಿಕೊಂಡ ಎಂದು ಇಟ್ಟುಕೊಳ್ಳಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ತಿಂಗಳ ದುಡಿಮೆ 15,000 ರೂಪಾಯಿ. ಸಂಬಳದ ಚೀಟಿ ಇಲ್ಲದಿದ್ದರೂ ನ್ಯಾಯಮಂಡಳಿ ಒಂದು ಅಂದಾಜು ಆದಾಯ ಹಿಡಿಯುತ್ತದೆ. ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಠಿ ತೀರ್ಪಿನ ಪ್ರಕಾರ, 40 ವರ್ಷದೊಳಗಿನ ಸ್ವಂತ ದುಡಿಮೆಯವನಿಗೆ ಮುಂದೆ ಹೆಚ್ಚಬಹುದಾಗಿದ್ದ ಗಳಿಕೆ ಎಂದು ಶೇಕಡಾ 40 ಸೇರಿಸುತ್ತಾರೆ, 21,000 ಆಯಿತು. ನಾಲ್ವರು ಅವಲಂಬಿತರಿರುವುದರಿಂದ ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000. 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕದಲ್ಲಿ 31ರಿಂದ 35 ವಯಸ್ಸಿಗೆ ಗುಣಕ 16. ಗುಣಿಸಿದರೆ 30,24,000 ರೂಪಾಯಿ. ಅಂತ್ಯಕ್ರಿಯೆಯ ವೆಚ್ಚ, ಪತಿಯನ್ನು, ತಂದೆಯನ್ನು, ಮಗನನ್ನು ಕಳೆದುಕೊಂಡದ್ದಕ್ಕೆ ಕೊಡುವ ಮೊತ್ತ ಬೇರೆ. ಪ್ರತಿ ಪ್ರಕರಣದಲ್ಲಿ ಸಾಕ್ಷ್ಯ ನೋಡಿ ಇದು ಹೆಚ್ಚುಕಡಿಮೆಯಾಗುತ್ತದೆ, ಸತ್ತವನದೂ ತಪ್ಪಿದ್ದರೆ ಅಷ್ಟು ಭಾಗ ಕಡಿತವಾಗುತ್ತದೆ. ಆದರೂ ಮೂವತ್ತು ಲಕ್ಷದ ಹಕ್ಕನ್ನು ಐವತ್ತು ಸಾವಿರಕ್ಕೆ ಬರೆದುಕೊಡುವಾಗ ಆ ಮಕ್ಕಳ ಓದನ್ನೂ ಬರೆದುಕೊಡುತ್ತಿದ್ದೇವೆ ಎಂಬುದು ನಡುವೆ ಕುಳಿತ ಹಿರಿಯರಿಗೆ ಗೊತ್ತಿರಬೇಕು. ಮನೆವಾರ್ತೆ ನೋಡುವ ಹೆಣ್ಣುಮಗಳು ತೀರಿಕೊಂಡರೆ ಗಳಿಕೆಯೇ ಇರಲಿಲ್ಲವಲ್ಲ ಎನ್ನುವವರಿಗೂ ಉತ್ತರವಿದೆ. ಗೃಹಿಣಿಯ ದುಡಿಮೆಗೂ ಅಂದಾಜು ಆದಾಯ ಹಿಡಿಯಲೇಬೇಕೆಂಬುದನ್ನು ಸುಪ್ರೀಂ ಕೋರ್ಟು 2021ರಲ್ಲಿ ಮತ್ತೆ ಒತ್ತಿ ಹೇಳಿದೆ.

ಯಾರ ತಪ್ಪು ಎಂಬ ವಾದಕ್ಕೆ ಹೋಗಲಾಗದವರಿಗೆ ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಲ್ಲಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ನಿಗದಿಯಾಗಿದೆ. ಅರ್ಜಿಯನ್ನು ಅಪಘಾತ ನಡೆದ ಊರಿನಲ್ಲೇ ಹಾಕಬೇಕೆಂದಿಲ್ಲ, ನೀವು ವಾಸವಿರುವ ಕಡೆಯೂ ಹಾಕಬಹುದು. ದುಡಿಯಲು ಗೋವಾಕ್ಕೋ ಪುಣೆಗೋ ಹೋದ ಗದಗಿನ ಹುಡುಗನಿಗೆ ಅಲ್ಲಿ ಅಪಘಾತವಾದರೆ ಗದಗಿನಲ್ಲೇ ಪ್ರಕರಣ ನಡೆಸಬಹುದು. ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂದು ತಿದ್ದುಪಡಿಯಾದ ಕಾಯ್ದೆ ಹೇಳುತ್ತದೆ. ಆ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಆದರೆ ನಮ್ಮ ಬಡವರು ಆ ಭರವಸೆಯ ಮೇಲೆ ಕೂರುವುದು ಬೇಡ, ಆರು ತಿಂಗಳೊಳಗೇ ಹಾಕಿಬಿಡಿ.

ಒಂದು ಕಹಿ ಸತ್ಯವನ್ನೂ ಹೇಳಬೇಕು. ಬ್ಯಾಡಗಿ ಕಡೆ ಮೆಣಸಿನಕಾಯಿ ಬಿಡಿಸಲು, ನವಲಗುಂದ ಕಡೆ ಕಳೆ ತೆಗೆಯಲು ಹೋಗುವ ಹೆಣ್ಣುಮಕ್ಕಳು ಟ್ರ್ಯಾಕ್ಟರ್ ಟ್ರೇಲರಿನಲ್ಲಿ, ಗೂಡ್ಸ್ ಗಾಡಿಗಳಲ್ಲಿ ನಿಂತುಕೊಂಡೇ ಹೋಗುತ್ತಾರೆ. ಯಲ್ಲಮ್ಮನ ಗುಡ್ಡಕ್ಕೂ ಹಾಗೆಯೇ ಹೋಗುತ್ತೇವೆ. ಸರಕು ಸಾಗಿಸುವ ವಾಹನದಲ್ಲಿ ಸುಮ್ಮನೆ ಹತ್ತಿ ಕುಳಿತ ಪ್ರಯಾಣಿಕರ ಹೊಣೆ ಆ ವಾಹನದ ವಿಮೆಗೆ ಸಾಮಾನ್ಯವಾಗಿ ಬರುವುದಿಲ್ಲ. ಆ ಗಾಡಿ ತಾನಾಗಿ ಪಲ್ಟಿಯಾದರೆ ಕಂಪನಿ ಕೈ ಎತ್ತುತ್ತದೆ, ಮಾಲೀಕನಿಂದ ವಸೂಲಿ ಮಾಡುವುದು ಹೆಸರಿಗೆ ಮಾತ್ರ. ಕೂಲಿಯ ಹೆಣ್ಣುಮಕ್ಕಳಿಗೆ ಬೇರೆ ಗಾಡಿ ಎಲ್ಲಿದೆ ಎಂದು ನೀವು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಅದಕ್ಕೆ ಉತ್ತರ ಕೊಡಬೇಕಾದದ್ದು ಬಸ್ ಬಿಡುವವರು, ಕೂಲಿಗೆ ಕರೆಸಿಕೊಳ್ಳುವವರು. ಕೊನೆಯ ಪಕ್ಷ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೇ ಕೊನೆ ಜೂನ್ ಮೊದಲಿಗೆ 20 ರೂಪಾಯಿ ಕಡಿತವಾಗಿದೆಯೇ ನೋಡಿಕೊಳ್ಳಿ. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು, ಅಪಘಾತದಲ್ಲಿ ಸತ್ತರೆ 2 ಲಕ್ಷ ಬರುತ್ತದೆ. ಹಣ ಕಡಿತವಾಗಿದ್ದೂ ಮನೆಯವರಿಗೆ ತಿಳಿಯದೆ, ಯಾರೂ ಕೇಳದೆ ಹೋಗುತ್ತದೆ. ಹಾಗೆಯೇ ಬೈಕಿನ ಪಾಲಿಸಿಯಲ್ಲಿ ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ ಎಂಬ ಸಾಲು ಇದ್ದರೆ, ಚಾಲನಾ ಪರವಾನಗಿ ಇದ್ದ ಮಾಲೀಕ ತಾನೇ ಬಿದ್ದು ಸತ್ತರೂ ಮನೆಯವರಿಗೆ 15 ಲಕ್ಷ ಸಿಗಬೇಕು. ಪಾಲಿಸಿ ಮಾಡಿಸುವಾಗ ಕೆಲವು ನೂರು ರೂಪಾಯಿ ಉಳಿಸಲೆಂದು ಅದನ್ನು ಬಿಡಿಸಬೇಡಿ.

ಗುದ್ದಿದ ವಾಹನ ನಿಲ್ಲದೆ ಹೋದರೆ ಎಲ್ಲ ಮುಗಿಯಿತು ಎಂದು ಕೈಚೆಲ್ಲುತ್ತಾರೆ. ಮುಗಿಯುವುದಿಲ್ಲ. 2022ರ ಯೋಜನೆಯ ಪ್ರಕಾರ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಇದೆ. ನ್ಯಾಯಮಂಡಳಿಗೆ ಹೋಗಬೇಕಾಗಿಲ್ಲ, ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಣೆಯಾಗಿ ಜಿಲ್ಲಾಧಿಕಾರಿಗಳ ಮಟ್ಟದಲ್ಲಿ ಮಂಜೂರಾಗುತ್ತದೆ. ಒಂದು ತಿಂಗಳು ಪ್ರಯತ್ನಿಸಿಯೂ ವಾಹನ ಪತ್ತೆಯಾಗದಿದ್ದರೆ, ಈ ಯೋಜನೆಯಿದೆ, ಇಂಥ ಅಧಿಕಾರಿಗೆ ಅರ್ಜಿ ಕೊಡಿ ಎಂದು ಠಾಣಾಧಿಕಾರಿಯೇ ಗಾಯಾಳುವಿಗೆ ಅಥವಾ ಮೃತರ ಮನೆಯವರಿಗೆ ಲಿಖಿತವಾಗಿ ತಿಳಿಸಬೇಕೆಂದು ಸುಪ್ರೀಂ ಕೋರ್ಟು 2024ರ ಜನವರಿಯಲ್ಲಿ ಆದೇಶಿಸಿದೆ.

ಇಷ್ಟೆಲ್ಲ ಕಾನೂನು ಇದ್ದೂ ನಮ್ಮವರಿಗೆ ಮೊದಲು ತಲುಪುವುದು ಏಜೆಂಟ್. ಶವಾಗಾರದ ಹೊರಗೆ ಕುಳಿತ ಹೆಂಡತಿಯ ಹೆಬ್ಬೆಟ್ಟನ್ನು ಖಾಲಿ ವಕಾಲತ್ತಿನ ಮೇಲೆ ಒತ್ತಿಸಿಕೊಳ್ಳುವವರನ್ನು ಕಂಡರೆ ನನ್ನ ಮೈ ಉರಿಯುತ್ತದೆ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ವಕೀಲರು ಫೀಸು ಗೊತ್ತು ಮಾಡಿಕೊಳ್ಳುವುದು ಅವರ ವೃತ್ತಿ ನಿಯಮಕ್ಕೇ ವಿರುದ್ಧ. ಪ್ರಾಮಾಣಿಕ ವಕೀಲರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ, ಅವರನ್ನು ಹುಡುಕಿಕೊಂಡು ನೀವೇ ಹೋಗಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಮಿಕರು, ಕಡಿಮೆ ಆದಾಯದವರು, ಇವರೆಲ್ಲರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಮಾನ್ಯ ಅಧಿಕಾರಿಗಳೇ, ಹೊಸ ಯೋಜನೆ, ಹೊಸ ಅನುದಾನ ಯಾವುದನ್ನೂ ನಾನು ಕೇಳುತ್ತಿಲ್ಲ. ನಮೂನೆ 2 ಓದಲು ಬರುವಂಥ ಸರಳ ಕನ್ನಡದಲ್ಲಿ ಅಚ್ಚಾಗಿ ಪ್ರತಿ ಠಾಣೆಯಲ್ಲೂ ಇರಲಿ. ಕೊಟ್ಟ ದಿನಾಂಕ ಬರೆದು ಮನೆಯವರ ಸಹಿ ಪಡೆಯುವ ಪುಸ್ತಕವೊಂದಿರಲಿ, ತಿಂಗಳ ಅಪರಾಧ ಪರಿಶೀಲನಾ ಸಭೆಯಲ್ಲಿ ವರಿಷ್ಠಾಧಿಕಾರಿಗಳು ಅದನ್ನು ತರಿಸಿ ನೋಡಲಿ. ನಗದುರಹಿತ ಚಿಕಿತ್ಸೆಗೆ ಗೊತ್ತುಪಡಿಸಿದ ಆಸ್ಪತ್ರೆಗಳ ಪಟ್ಟಿ ಟೋಲ್ ನಾಕಾಗಳಲ್ಲಿ, ಹೆದ್ದಾರಿ ಬದಿಯ ಗ್ರಾಮ ಪಂಚಾಯಿತಿಗಳಲ್ಲಿ ಕಾಣುವಂತೆ ಬರೆಸಿ. ಕ್ಯಾಜುಯಲ್ಟಿಯ ಬಾಗಿಲಿನಲ್ಲಿ, ನಡೆದದ್ದನ್ನು ನಡೆದಂತೆ ಹೇಳಿ, ಚಿಕಿತ್ಸೆ ನಿಲ್ಲುವುದಿಲ್ಲ ಎಂಬ ಒಂದು ಫಲಕ ಹಾಕಿಸಿ. ಅಪರಿಚಿತ ವಾಹನದ ಪ್ರಕರಣಗಳಲ್ಲಿ ತಿಂಗಳು ತುಂಬಿದ ಮೇಲೆ ಹೋಗಬೇಕಾದ ಪತ್ರಗಳು ಹೋಗಿವೆಯೇ ಎಂದು ಜಿಲ್ಲಾಧಿಕಾರಿಗಳು ಒಮ್ಮೆ ವಿಚಾರಿಸಲಿ.

ಓದಲು ಬಾರದ ಮನೆಗಳಿಗೆ ಹೋಗಿ ಆ ಕಾಗದಗಳನ್ನು ಓದಿ ತಿಳಿಸುವ ಕೆಲಸಕ್ಕೆ ಮೂರೂ ಜಿಲ್ಲೆಗಳಲ್ಲಿ ನನ್ನಂಥ ಅರೆಕಾನೂನು ಸ್ವಯಂಸೇವಕರಿದ್ದಾರೆ. ನಮ್ಮ ಹೆಸರು, ಫೋನ್ ನಂಬರಿನ ಪಟ್ಟಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಲ್ಲಿ ಸಿಗುತ್ತದೆ. ಅದನ್ನು ತರಿಸಿಕೊಂಡು ಠಾಣೆಯ ಬರಹಗಾರರ ಮೇಜಿನ ಮೇಲೆ ಇಡಿಸಿ, ಅಪಘಾತ ದಾಖಲಾದ ದಿನವೇ ನಮಗೊಂದು ಕರೆ ಮಾಡಿಸಿ.

ಇಂತಿ,
ಶಿಗ್ಗಾವಿ ತಾಲ್ಲೂಕಿನ ಒಬ್ಬ ಅರೆಕಾನೂನು ಸ್ವಯಂಸೇವಕಿ